ಮೀರಿಸಿದವನು

ಜೂನ್ ೩, ಸೋಮವಾರ

ಬೆಳಿಗ್ಗೆ ಗಂಜಿ, ನಾಲ್ಕು ಚಮಚ. ಮಧ್ಯಾಹ್ನ ಬಾಯಿ ಬಿಡಲೇ ಇಲ್ಲ. ಮಾತ್ರೆ ಪುಡಿ ಮಾಡಿ ನೀರಲ್ಲಿ ಕಲಸಿ ಕೊಟ್ಟೆ. ಅರ್ಧ ಒಳಗೆ ಹೋಯಿತು, ಅರ್ಧ ಗಲ್ಲದ ಮೇಲೆ ಹರಿಯಿತು.

ಇಷ್ಟನ್ನು ದಿನಾ ಬರೆದಿಡಿ ಎಂದು ಡಾಕ್ಟರು ಹೇಳಿದ್ದಾರೆ. ಹೋದ ವರ್ಷ ಯಾರೋ ಗಿರಾಕಿ ಕೊಟ್ಟ ಡೈರಿ ಕಪಾಟಿನಲ್ಲಿ ಖಾಲಿ ಬಿದ್ದಿತ್ತು. ವಾರಗಳು ಹೊಂದುವುದಿಲ್ಲ. ಅಚ್ಚಾಗಿದ್ದನ್ನು ಹೊಡೆದುಹಾಕಿ ಸರಿಯಾದದ್ದು ಬರೆದಿದ್ದೇನೆ.

ಲಕ್ವ ಹೊಡೆದ ಇವರ ಬಲಗೈ ಹಾಗೇ ಇದೆ. ಯಾರೋ ಬಂದವರು ಹಾಸಿಗೆಯ ಮೇಲೆ ಮರೆತುಹೋದ ವಸ್ತುವಿನ ಹಾಗೆ. ಬಲಗಾಲೂ ಅಷ್ಟೆ. ಮಾತು ಬರುತ್ತದೆ, ಆದರೆ ಒಂದೊಂದು ಶಬ್ದಕ್ಕೂ ಬಾವಿಯಿಂದ ಕೊಡ ಎಳೆದಷ್ಟು ಕಷ್ಟ.

ಇವರ ಅಕ್ಕ ಬಂದಿದ್ದಾರೆ, ಇಲ್ಲೇ ಇರುತ್ತಾರಂತೆ. ಚಪ್ಪಲಿ ಬಿಡುತ್ತಲೇ, "ಏನೇ ಇದು, ಹೆಣ ಕಾಯೋರ ಥರ ಮುಖ ಮಾಡ್ಕೊಂಡು ಕೂತಿದೀಯ? ಉಸಿರಾಡ್ತಾ ಇದಾನಲ್ಲ ಇನ್ನೂ!" ಎಂದರು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರು. ನೀರಿನ ಸದ್ದಿನಲ್ಲಿ ನಮಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದಾರೆ ಅತ್ತಿಗೆ.

ದೇವರೇ, ಇವರ ಕೈ ಇವರಿಗೆ ಕೊಡು. ಬೇರೇನೂ ಕೇಳುವುದಿಲ್ಲ.

ಜೂನ್ ೫, ಬುಧವಾರ

ಗಂಜಿ ಅರ್ಧ ಬಟ್ಟಲು. ನಿದ್ದೆ ಪರವಾಗಿಲ್ಲ.

ಧೂಳು ಹೊಡೆಯೋಣ ಎಂದು ಅಂಗಡಿಯ ಬಾಗಿಲು ತೆಗೆದೆ. ನಮ್ಮದು ಮುಂದೆ ಲೋಹದ ಮೇಲೆ ಹೆಸರು ಕೆತ್ತುವ ಅಂಗಡಿ, ಹಿಂದೆ ಮನೆ. ನಡುವೆ ಒಂದು ಪರದೆ. ಗಾಜಿನ ಕಪಾಟಿನ ಕಪ್‌ಗಳೆಲ್ಲ ಮಂಕಾಗಿದ್ದವು. ಒಂದನ್ನು ಒರೆಸುವಷ್ಟರಲ್ಲಿ ಶಾಲೆಯ ಇಂಗ್ಲಿಷ್ ಟೀಚರಮ್ಮ ಬಂದರು. ಪ್ರತಿ ವರ್ಷ ಬಹುಮಾನದ ಕಪ್‌ಗಳನ್ನು ಕೆತ್ತಿಸಲು ಅವರೇ ತರುವುದು. ಇವರ ಸುದ್ದಿ ಗೊತ್ತಿರಲಿಲ್ಲ. ಹೇಳಿದ ಮೇಲೆ ಕಪ್‌ಗಳ ಚೀಲವನ್ನು ನೆಲಕ್ಕಿಟ್ಟರು.

"ಹಾಗಾದ್ರೆ ಈ ಸಲ ಮೂಲೆಯಲ್ಲಿ ಮೆಷಿನ್ನಿಂದ ಕೆತ್ತೋ ಅಂಗಡಿಗೇ ಕೊಡ್ಬೇಕಾಗುತ್ತೇನೋ ಅಮ್ಮ. ಹೊಸ ಹೆಡ್‌ಮಾಸ್ಟರು ಮೊದಲಿಂದ ಅದನ್ನೇ ಹೇಳ್ತಾ ಇದಾರೆ. ಒಂದು ಸಲ ಅಲ್ಲಿಗೆ ಹೋಯ್ತೂಂದ್ರೆ ಮತ್ತೆ ಇಲ್ಲಿಗೆ ಬರೋದು ಕಷ್ಟ."

"ಇಲ್ಲ ಟೀಚರಮ್ಮ. ಇಲ್ಲೇ ಆಗುತ್ತೆ. ಬಿಟ್ಟುಹೋಗಿ," ಎಂದೆ.

ನನ್ನ ನಾಲಿಗೆಗೆ ಹಾಗೆ ಹೇಳಲು ಯಾರು ಹೇಳಿಕೊಟ್ಟರೋ. ಅವರು ಹೋದ ಮೇಲೆ ಚೀಲವನ್ನು ಒಳಗೆ ಎತ್ತಿಟ್ಟೆ. ಶಾಲೆಯ ಕಪ್ ಹೋದರೆ ಈ ಅಂಗಡಿಯಲ್ಲಿ ಉಳಿಯುವುದು ಏನು? ಇವರು ಮಲಗಿದಲ್ಲೇ ಎರಡನೇ ಸಲ ಬೀಳುತ್ತಾರೆ.

ಜೂನ್ ೬, ಗುರುವಾರ

ಇದೆಲ್ಲ ಡಾಕ್ಟರಿಗೆ ಬೇಡ. ಆದರೂ ಬರೆಯುತ್ತೇನೆ, ಯಾರ ಹತ್ತಿರವೂ ಹೇಳುವಂತಿಲ್ಲ.

ಲೋಹದ ಮೇಲೆ ಅಕ್ಷರ ಕೆತ್ತುವಾಗ ನೇರ ಗೆರೆಗೆ ಉಳಿ ಮುಂದೆ ಹೋಗಬೇಕು. ಬಳುಕಿದ ಗೆರೆಗೆ ಹಾಗಲ್ಲ. ಉಳಿ ನಿಂತಲ್ಲೇ ನಿಲ್ಲಬೇಕು, ಕಪ್ ತಿರುಗಬೇಕು. ಮರಳು ತುಂಬಿದ ತೊಗಲಿನ ದಿಂಬಿನ ಮೇಲೆ ಕಪ್ ಇಟ್ಟು ಎಡಗೈಯಲ್ಲಿ ತಿರುಗಿಸುತ್ತಾ ಬರಬೇಕು. ಇವರ ಎಡ ಮಣಿಕಟ್ಟು ಹುಡುಗಾಟದಲ್ಲಿ ಮುರಿದು ಸೊಟ್ಟ ಕೂತಿದೆ. ಅದಕ್ಕೇ ಮದುವೆಯಾಗಿ ಬಂದಾಗಿನಿಂದ ಎದುರಿಗೆ ಕೂತು ತಿರುಗಿಸುವವಳು ನಾನು. ಇವರು ಗಂಟಲಲ್ಲಿ "ಹೂಂ" ಎಂದರೆ ನಿಧಾನ, ಸುಮ್ಮನಿದ್ದರೆ ಹಾಗೇ. ಒಮ್ಮೆ ಒಬ್ಬ ಗಿರಾಕಿ, "ಇಬ್ಬರೂ ಸೇರಿ ಕೆತ್ತೋದಾ?" ಎಂದು ಕೇಳಿದ. ಇವರು ನಕ್ಕು, "ಅವಳು ತಿರುಗಿಸೋಳು, ಕೆತ್ತೋನು ನಾನು," ಎಂದರು. ತಮಾಷೆಗೇ ಅಂದದ್ದು. ಆದರೂ ಮರೆತಿಲ್ಲ.

ಇವತ್ತು ಊಟದ ಹಿತ್ತಾಳೆ ತಟ್ಟೆಯೊಂದನ್ನು ಬೋರಲು ಹಾಕಿಕೊಂಡು, ಪೆಟ್ಟಿಗೆಯಲ್ಲಿದ್ದ ಹೆಚ್ಚುವರಿ ಉಳಿ ತೆಗೆದುಕೊಂಡು ಕೂತೆ. ಇವರ ಸ್ವಂತದ ಉಳಿಯನ್ನು ಮುಟ್ಟಲಿಲ್ಲ. ಅದು ಇವರಿಗೆ ಗುರುಗಳು ಕೊಟ್ಟದ್ದು. ಅದನ್ನು ಯಾರೂ ಮುಟ್ಟುವಂತಿಲ್ಲ, ಒರೆಸುವುದಕ್ಕೂ.

ಗೆರೆ ಎಳೆಯಲು ಹೋದೆ. ಉಳಿ ಜಾರಿತು. ಮತ್ತೆ ಎಳೆದೆ, ಮತ್ತೆ ಜಾರಿತು.

ಮಧ್ಯಾಹ್ನ ಅತ್ತಿಗೆ ಅದೇ ತಟ್ಟೆ ತೊಳೆಯಲು ತೆಗೆದುಕೊಂಡರು. "ಇದೇನೇ ಇದರ ಬೆನ್ನ ಮೇಲೆ? ಕೋಳಿ ಕೆದಕಿದ ಹಾಗಿದೆ!"

ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇನ್ನೂ ಐದು ತಟ್ಟೆ ಇವೆ ಮನೇಲಿ," ಎಂದರು.

ಜೂನ್ ೧೧, ಮಂಗಳವಾರ

ಊಟ ಚೆನ್ನಾಗಿ. ಎದ್ದು ಕೂರಿಸಿದರೆ ಒರಗಿಕೊಂಡು ಕೂರುತ್ತಾರೆ.

ಇವತ್ತು ಸುಳ್ಳು ಹೇಳಿದೆ. ಪ್ರಾರ್ಥನೆ ಮುಗಿಸಿ ಎದ್ದ ಬಾಯಲ್ಲೇ.

ಸಾಣೆಕಲ್ಲಿನ ಮೇಲೆ ಉಳಿ ಮಸೆಯುತ್ತಿದ್ದೆ. ಪರದೆಯ ಆ ಕಡೆಯಿಂದ "ಯಾರು?" ಎಂದು ಕೇಳಿಸಿತು. ಹೋದೆ. ಇವರ ಕಣ್ಣು ದೊಡ್ಡದಾಗಿತ್ತು. ತಮ್ಮ ಸಾಣೆಕಲ್ಲಿನ ಮೇಲೆ ಬೇರೆಯವರ ಕೈ ಆಡುತ್ತಿದೆ ಎಂದು ಎದೆ ಏರಿಳಿಯುತ್ತಿತ್ತು. "ಕೆತ್ತೋನು ನಾನು" ಎಂದ ಮನುಷ್ಯನ ಮುಂದೆ ನಿಂತು, ನಾನೇ ಎನ್ನಲು ಬಾಯಿ ಬರಲಿಲ್ಲ.

"ಹೊರಗಿನಿಂದ ಒಬ್ಬರನ್ನ ಕರೆಸಿದೀನಿ. ಶಾಲೆ ಕಪ್ ಇದೆಯಲ್ಲ, ಅದಕ್ಕೆ."

"ಮಾತಾ... ಡಲ್ವಾ?"

"ಮಾತು ಕಮ್ಮಿ ಪಾಪ."

ಅತ್ತಿಗೆ ಒಲೆಯ ಮುಂದಿನಿಂದಲೇ, "ಮಾತು ಕಮ್ಮಿ, ಟೀ ಜಾಸ್ತಿ! ಬೆಳಿಗ್ಗೆಯಿಂದ ಎರಡು ಲೋಟ ಆಯ್ತು ಆ ಮನುಷ್ಯಂಗೆ," ಎಂದು ಕೂಗಿದರು.

ಹೊರಗೆ ಕರೆದುಕೊಂಡು ಹೋಗಿ, "ನಿಮಗೆ ಯಾರು ಹೇಳಿದ್ರು ಅತ್ತಿಗೆ ಹಾಗೆಲ್ಲ ಹೇಳೋಕೆ?" ಎಂದೆ.

"ಸುಳ್ಳು ಹೇಳೋದಾದ್ರೆ ಸರಿಯಾಗಿ ಹೇಳ್ಬೇಕು. ನಿಂಗೆ ಅಭ್ಯಾಸ ಇಲ್ಲ. ನಂಗೆ ಬಿಡು."

ದೇವರೇ, ನಿನಗೆ ಗೊತ್ತು ನಾನು ಯಾಕೆ ಹೇಳಿದೆ ಎಂದು.

ಜೂನ್ ೧೭, ಸೋಮವಾರ

ನೇರ ಗೆರೆ ಇನ್ನೂ ಬರುತ್ತಿಲ್ಲ. ಬಳುಕು ಬರುತ್ತಿದೆ. ಉಳಿ ನಿಲ್ಲಿಸಿಕೊಂಡು ಎಡಗೈ ತಿರುಗಿಸಿದರೆ ಸಾಕು, ಕೈಗೇ ಗೊತ್ತಿದೆ ಎಲ್ಲಿ ನಿಧಾನ, ಎಲ್ಲಿ ಬೇಗ. ಯಾರೂ "ಹೂಂ" ಎನ್ನುವವರಿಲ್ಲ, ಅಷ್ಟೆ ವ್ಯತ್ಯಾಸ.

ಆ ಇಲ್ಲದ ಮನುಷ್ಯನಿಗೆ ಅತ್ತಿಗೆ ಮೀಸೆ ಇಟ್ಟಿದ್ದಾರೆ. ಹೆಂಡತಿ ಜೊತೆ ಜಗಳ ಹಚ್ಚಿದ್ದಾರೆ. ಇವತ್ತು ಅವನು ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ಮನೆಗೆ ಹೋದನಂತೆ. ಇವರು ಕೇಳಿಸಿಕೊಂಡು ಬಾಯಿಯ ಒಂದು ಪಕ್ಕದಲ್ಲಿ ನಕ್ಕರು. ಬಿದ್ದ ಮೇಲೆ ಮೊದಲ ನಗು. ನೋಡಿ ನನಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. ಇಲ್ಲದವನು ನಗಿಸಿದ, ಇರುವ ನನ್ನ ಕೈಯಲ್ಲಿ ಆಗಲಿಲ್ಲ.

ಆಮೇಲೆ ಇವರು ಕೇಳಿದರು: "ಕಪ್ ಮೇಲೆ... ಏನು?"

ಈ ವರ್ಷ ಹೊಸ ಹೆಡ್‌ಮಾಸ್ಟರು ಬರಹ ಬದಲಾಯಿಸಿದ್ದಾರೆ. ಮೊದಲು "ಪ್ರಥಮ ಬಹುಮಾನ" ಎಂದಿರುತ್ತಿತ್ತು. ಈಗ ಮಗುವಿನ ಹೆಸರು, ಅದರ ಕೆಳಗೆ ಇಂಗ್ಲಿಷಿನಲ್ಲಿ "ಎಕ್ಸೆಲ್ಡ್", ಅದರ ಕೆಳಗೆ ಓಟವೋ ಗಣಿತವೋ. ಆ ಪದವನ್ನು ಅಕ್ಷರ ಅಕ್ಷರವಾಗಿ ಓದಿ ಹೇಳಿದೆ. ನನಗೆ ಇಂಗ್ಲಿಷ್ ಅಕ್ಷರ ಬರುತ್ತದೆ, ಮಾತು ಬರುವುದಿಲ್ಲ.

"ಅರ್ಥ... ಕೇಳಿದ್ನಾ ಅವನು?"

ಇವರದೊಂದು ವ್ರತ. ಅರ್ಥ ಗೊತ್ತಿಲ್ಲದ ಪದವನ್ನು ಇವರು ಯಾವತ್ತೂ ಕೆತ್ತಿದವರಲ್ಲ. ಯಾವ ಭಾಷೆಯದಾದರೂ ಗಿರಾಕಿಯನ್ನು ಕೂರಿಸಿಕೊಂಡು ಕೇಳಿ ತಿಳಿದುಕೊಂಡೇ ಉಳಿ ಹಿಡಿಯುತ್ತಿದ್ದರು. ಗೊತ್ತಿಲ್ಲದೆ ಕೆತ್ತಿದರೆ ಅದು ಬರೀ ಗೀರು ಎನ್ನುತ್ತಿದ್ದರು.

"ಕೇಳಿ ಹೇಳ್ತಾನೆ ಬಿಡಿ," ಎಂದೆ.

ಜೂನ್ ೧೯, ಬುಧವಾರ

ಟೀಚರಮ್ಮ ದಾರಿಯಲ್ಲಿ ಸಿಕ್ಕರು. ಕೇಳಿದೆ.

"ಅದಾ? ಬೇರೆಯವರನ್ನ ಮೀರಿಸೋದು ಅಂತ ಅಮ್ಮ. ಎಲ್ಲರಿಗಿಂತ ಮೇಲಾಗೋದು. ಯಾಕೆ?"

"ಯಾರನ್ನ ಅಂತ ಕಪ್ ಮೇಲೆ ಬರೆಯೋದಿಲ್ವಾ?"

ಟೀಚರಮ್ಮ ನಕ್ಕರು. "ಬರೆದ್ರೆ ಸೋತ ಮಕ್ಕಳ ಮನೆಯೋರು ನನ್ನ ಉಳಿಸ್ತಾರಾ?"

ಮನೆಗೆ ಬರುವ ತನಕ ಅದೇ ತಲೆಯಲ್ಲಿ. ಮೀರಿಸಿದ. ಒಬ್ಬ ಮೀರಿಸಬೇಕಾದರೆ ಇನ್ನೊಬ್ಬ ಹಿಂದೆ ಉಳಿಯಲೇಬೇಕಲ್ಲ. ನಮಗೆ ಮಕ್ಕಳಿಲ್ಲ. ಕೆತ್ತಿದ್ದೆಲ್ಲ ಊರವರ ಮಕ್ಕಳ ಹೆಸರು, ಅದೂ ಗೆದ್ದವರದು ಮಾತ್ರ. ಸೋತವರ ಹೆಸರು ನಮ್ಮ ಉಳಿಗೆ ಗೊತ್ತೇ ಇಲ್ಲ.

ಇವರಿಗೆ ಹೇಳಿದೆ, ಮೀರಿಸೋದು ಅಂತೆ ಎಂದು. ಗೋಡೆಯ ಕಡೆ ಮುಖ ತಿರುಗಿಸಿದರು.

ಜೂನ್ ೨೩, ಭಾನುವಾರ

ಮೊದಲ ಕಪ್ ಕೆತ್ತಿದೆ.

ದೊಡ್ಡಕ್ಷರದಲ್ಲಿ ಬರೆದರೆ ಈ ಪದದಲ್ಲಿ ಬಳುಕು ಎರಡೇ ಕಡೆ, ಸಿ ಮತ್ತು ಡಿ. ಉಳಿದದ್ದೆಲ್ಲ ನೇರ ಕಡ್ಡಿಗಳು, ಬೇಲಿ ನೆಟ್ಟ ಹಾಗೆ. ಸಿ ನೀರಿನಂತೆ ಬಂತು. ಎರಡನೇ ಎಲ್ ಹತ್ತಿರ ಉಳಿ ಜಾರಿ ಕಪ್ಪಿನ ಹೊಟ್ಟೆಯ ಮೇಲೆ ಉದ್ದಕ್ಕೆ ಗೀರಿ, ನನ್ನ ಎಡಗೈ ಬೆರಳಿಗೆ ಹೊಕ್ಕಿತು. "ದೇವರೇ!" ಎಂದು ಕೂಗಿಬಿಟ್ಟೆ. ಜಾರಿದಾಗಲೆಲ್ಲ ನನ್ನ ಬಾಯಿಂದ ಅದೊಂದೇ ಬರುವುದು.

ಗೀರನ್ನು ಉಜ್ಜಿ ಉಜ್ಜಿ ನಯ ಮಾಡಲು ಇಡೀ ಮಧ್ಯಾಹ್ನ ಹೋಯಿತು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಇವರಿಗೆ ಊಟ ಮಾಡಿಸಿದೆ. ಬಟ್ಟೆ ನೋಡಿದರು, ಏನೂ ಕೇಳಲಿಲ್ಲ. ಈಳಿಗೆಮಣೆ ತಾಗಿತು ಎಂದು ನಾನೇ ಹೇಳಿದೆ. ಸುಳ್ಳಿಗೆ ಸುಳ್ಳು ಮರಿ ಹಾಕುತ್ತಿದೆ.

ಜುಲೈ ೨, ಮಂಗಳವಾರ

ಇವತ್ತು ಇವರೇ, "ಅವನ ಕಪ್... ತಾ," ಎಂದರು. ಹೋದ ವರ್ಷದ ನಮ್ಮದೂ ಒಂದು ತರಬೇಕಂತೆ.

ಎರಡನ್ನೂ ತೊಡೆಯ ಮೇಲಿಟ್ಟೆ. ಕಣ್ಣು ಮುಚ್ಚಿಕೊಂಡು ಎಡಗೈಯ ಹೆಬ್ಬೆರಳನ್ನು ಅಕ್ಷರಗಳ ಮೇಲೆ ಆಡಿಸಿದರು. ಕೆತ್ತುವವರು ನೋಡುವುದಕ್ಕಿಂತ ಮುಟ್ಟಿ ತಿಳಿಯುವುದು ಹೆಚ್ಚು. ಬೆರಳು ಸಿ ಹತ್ತಿರ ನಿಂತಿತು, ಹಿಂದೆ ಹೋಯಿತು, ಮತ್ತೆ ಬಂತು. ನಾನು ಜೀವ ಕೈಯಲ್ಲಿ ಹಿಡಿದು ನೋಡುತ್ತಿದ್ದೆ.

"ಬಳುಕು... ಬರುತ್ತೆ ಅವನಿಗೆ. ನೇರ ಗೆರೆ... ಕತ್ತೆ ನಡೆದ ಹಾಗಿದೆ."

ಅತ್ತಿಗೆ ಪಕ್ಕಕ್ಕೆ ತಿರುಗಿ ಸೆರಗು ಬಾಯಿಗಿಟ್ಟುಕೊಂಡರು.

ನನಗೆ ಸಿಟ್ಟು ಬಂತು. ಯಾಕೆ ಬಂತೋ. ಬೆನ್ನು ಬಿದ್ದುಹೋಗುವ ಹಾಗೆ ಕೂತು ಮಾಡಿದ ಕೆಲಸ. "ಮತ್ತೆ ಏನು ಮಾಡ್ಬೇಕಂತೆ ಅವನು? ಬರೀ ಹೆಸರಿಡೋದು ಸುಲಭ," ಎಂದೆ.

ಇವರು ಕಣ್ಣು ತೆರೆದು ನನ್ನನ್ನೇ ನೋಡಿದರು. "ಹೇಳು ಅವನಿಗೆ. ಮೊಣಕೈ... ಪಕ್ಕೆಗೆ ಅಂಟಿರ್ಬೇಕು. ತಳ್ಳೋದು ಕೈ ಅಲ್ಲ. ಮೈ."

ಅಷ್ಟು ಉದ್ದ ಮಾತು ತಿಂಗಳಿಂದ ಆಡಿರಲಿಲ್ಲ.

ಜುಲೈ ೩, ಬುಧವಾರ

ಮೊಣಕೈ ಪಕ್ಕೆಗೆ ಅಂಟಿಸಿಕೊಂಡೆ. ಬಂತು.

ಜುಲೈ ೮, ಸೋಮವಾರ

ದಿನಾ ಒಂದು ಪಾಠ ಆಗುತ್ತಿದೆ. ಬೆಳಿಗ್ಗೆ ಮುಖ ತೊಳೆಸುವಾಗ ಶುರು. "ಹೇಳು ಅವನಿಗೆ, ಉಳಿ ಮಸೆಯೋವಾಗ ಉಸಿರು ಬಿಗಿ ಹಿಡೀಬಾರ್ದು." "ಹೇಳು ಅವನಿಗೆ, ಗೆರೆ ಮುಗಿಯೋ ಕಡೆ ಉಳಿ ಎತ್ತೋದಲ್ಲ, ಇಳಿಸೋದು." ನಾನು ಹೂಂ ಹೇಳ್ತೀನಿ ಎನ್ನುತ್ತೇನೆ. ಪರದೆ ದಾಟಿ ಬಂದು ಹಾಗೇ ಮಾಡುತ್ತೇನೆ. ಅನ್ನ ಮೆತ್ತಗೆ ಮಾಡಿದರೆ ತಟ್ಟೆ ಪೂರ್ತಿ ಉಣ್ಣುತ್ತಾರೆ ಈಗ. ತಟ್ಟೆಗಳ ಬೆನ್ನು ಮಾತ್ರ ನೋಡುವ ಹಾಗಿಲ್ಲ.

ಅತ್ತಿಗೆ ಹೇಳಿದರು: "ಆ ಮನುಷ್ಯ ಬಂದ್ಮೇಲೆ ನನ್ನ ತಮ್ಮಂಗೆ ಜೀವ ಬಂತು ನೋಡು. ಮೀಸೆ ಇಟ್ಟಿದ್ದು ಸಾರ್ಥಕ."

ನಗು ಬಂತು. ಆದರೆ ಬೆಳಿಗ್ಗೆ ದೇವರ ಮುಂದೆ ಕೂತಾಗ ಎಂದಿನ ಹಾಗೆ ಇವರ ಕೈ ಕೊಡು ಎನ್ನಲು ಹೋಗಿ ಎಡವಿದೆ. ಕೈ ಬಂದರೆ ಇವರು ಎದ್ದು ಬರುತ್ತಾರೆ. ಎದ್ದು ಬಂದರೆ ಉಳಿ ಇವರ ಕೈಗೆ ಹೋಗುತ್ತದೆ. ಒಂದು ಗಳಿಗೆ, ಒಂದೇ ಗಳಿಗೆ, ನನ್ನ ಬಾಯಿ ಕಟ್ಟಿತು. ಇದನ್ನು ಬರೆಯಬಾರದಿತ್ತು. ಬರೆದಾಯಿತು.

ಇವರ ಕೈ ಇವರಿಗೆ ಕೊಡು. ಮೂರು ಸಲ ಹೇಳಿದೆ.

ಜುಲೈ ೧೦, ಬುಧವಾರ

ಟೀಚರಮ್ಮ ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದಿದ್ದರು. ಮುಗಿದ ಕಪ್ ಎತ್ತಿ ಬೆಳಕಿಗೆ ಹಿಡಿದು, "ಯಜಮಾನರು ಎದ್ದು ಕೂತ್ರಾ ಹಾಗಾದ್ರೆ!" ಎಂದರು. ನಾನು ತುಟಿಯ ಮೇಲೆ ಬೆರಳಿಟ್ಟು ಪರದೆ ತೋರಿಸಿ, ಆಮೇಲೆ ನನ್ನ ಎದೆ ಮುಟ್ಟಿಕೊಂಡೆ. ಅವರಿಗೆ ಅರ್ಥವಾಯಿತು. ನನ್ನ ಬೆರಳುಗಳನ್ನು ಹಿಡಿದುಕೊಂಡರು.

ಪಕ್ಕದಲ್ಲಿ ಕೂತು, ಅವತ್ತು ನಾನು ಕೇಳಿದ್ದು ತಮಗೂ ಹುಳದ ಹಾಗೆ ಕೊರೆಯಿತು, ಅದಕ್ಕೇ ದೊಡ್ಡ ನಿಘಂಟು ತೆಗೆದು ನೋಡಿದೆ ಎಂದರು. ಆ ಪದ ಇಂಗ್ಲಿಷಿನವರದೇ ಅಲ್ಲವಂತೆ. ಲ್ಯಾಟಿನ್ ಎನ್ನುವ ಹಳೆಯ ಭಾಷೆಯಿಂದ ಬಂದದ್ದು. ಅಲ್ಲಿ ಅದರ ಮೊದಲ ಅರ್ಥ ಮೇಲಕ್ಕೆ ಏಳುವುದು, ಎತ್ತರಕ್ಕೆ ನಿಲ್ಲುವುದು. ಅದಕ್ಕಿಂತ ಹಿಂದಿನ ಬೇರು ಹುಡುಕಿಕೊಂಡು ಹೋದರೆ, ಗುಡ್ಡ ಎನ್ನುವ ಪದ, ಕಂಬ ಎನ್ನುವ ಪದ, ಎಲ್ಲ ಅದರ ದಾಯಾದಿಗಳಂತೆ.

"ಹಾಗಾದ್ರೆ ಮೀರಿಸೋದು?"

"ಅದು ಆಮೇಲೆ ಸೇರ್ಕೊಂಡಿದ್ದು ಇರ್ಬೇಕು ಅಮ್ಮ. ಎತ್ತರಕ್ಕೆ ನಿಂತಿದ್ದು ಕಂಡ್ರೆ ಪಕ್ಕದ್ದನ್ನ ಅಳೆದು ನೋಡೋದು ಮನುಷ್ಯರ ಚಾಳಿ ಅಲ್ವಾ?"

ಅವರು ಹೋದ ಮೇಲೆ ಇವರಿಗೆ ಹೇಳಿದೆ, ಆ ಮನುಷ್ಯ ಕೇಳಿಕೊಂಡು ಬಂದ ಎಂದೇ ಹೇಳಿದೆ. ಗುಡ್ಡದ ಜಾತಿಯ ಪದ ಅದು ಎಂದೆ.

"ಗುಡ್ಡ... ಯಾರ ಜೊತೆ ಓಡುತ್ತೆ?" ಎಂದರು. ಆಮೇಲೆ, "ಒಳ್ಳೇ ಪದ. ಕೆತ್ತಲಿ ಅವನು," ಎಂದರು.

ಜುಲೈ ೧೪, ಭಾನುವಾರ

ನಿದ್ದೆ ಕಮ್ಮಿ. ತಲೆ ಭಾರ ಎಂದರು. ಡಾಕ್ಟರಿಗೆ ಹೇಳಿಕಳಿಸಿದೆ. ರಕ್ತದೊತ್ತಡ ಏರಿದೆಯಂತೆ, ಮಾತ್ರೆ ಬದಲಾಯಿಸಿದರು.

ಸಂಜೆ ಹಾಸಿಗೆಯ ಪಕ್ಕ ಕೂತಿದ್ದೆ. ಇವರು ನನ್ನ ಬಲಗೈ ಎಳೆದುಕೊಂಡು ಅಂಗೈಯನ್ನು ಬಿಡಿಸಿದರು. ಉಳಿಯ ಹಿಡಿ ಒತ್ತಿ ಒತ್ತಿ ನಡು ಅಂಗೈಯಲ್ಲಿ ಗಟ್ಟಿಯಾಗಿದೆ, ಹೆಸರುಕಾಳಿನಷ್ಟು. ಹೆಬ್ಬೆರಳು ಅಲ್ಲಿಗೇ ಬಂತು. ಸಿಕ್ಕಿಬಿದ್ದೆ ಎಂದುಕೊಂಡೆ.

"ಪಾತ್ರೆ ಉಜ್ಜಿ ಉಜ್ಜಿ ಹೀಗಾಗಿದೆ," ಎಂದೆ.

"ಹೂಂ," ಎಂದರು.

ಬಿಡಲಿಲ್ಲ. ಆ ಗಂಟಿನಿಂದ ತೋರುಬೆರಳಿನ ತುದಿಯ ತನಕ ತಮ್ಮ ಬೆರಳನ್ನು ಇಟ್ಟು, ತೆಗೆದು, ಮತ್ತೆ ಇಟ್ಟು, ಆಟವಾಡಿದ ಹಾಗೆ ಮಾಡುತ್ತಿದ್ದರು. ಇಷ್ಟು ವರ್ಷದಲ್ಲಿ ಹೀಗೆ ಸುಮ್ಮನೆ ನನ್ನ ಕೈ ಹಿಡಿದು ಕೂತವರಲ್ಲ. ಅತ್ತಿಗೆ ಬಂದರೆಂದು ನಾನೇ ನಾಚಿ ಎಳೆದುಕೊಂಡೆ.

ಈಗ ಅನ್ನಿಸುತ್ತಿದೆ, ಇನ್ನಷ್ಟು ಹೊತ್ತು ಬಿಡಬಹುದಿತ್ತು.

ಜುಲೈ ೨೧, ಭಾನುವಾರ

ಕೊನೆಯ ಕಪ್ ಮುಗಿಯಿತು. ದೊಡ್ಡದು, ಎರಡು ಹಿಡಿಯದು. ಕೆತ್ತುವಾಗ ಒಂದು ಸಲವೂ ಜಾರಲಿಲ್ಲ. ಮುಗಿಸಿ ಬಟ್ಟೆಯಲ್ಲಿ ಒರೆಸಿದಾಗ ಅಕ್ಷರಗಳು ಎದ್ದು ನಿಂತವು. ನಾನು ಮಾಡಿದ್ದು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆಮೇಲೆ ಯಾರಾದರೂ ಕೇಳಿಸಿಕೊಂಡರೇನೋ ಎಂದು ಸುತ್ತ ನೋಡಿದೆ.

ಇವರು ತರಿಸಿಕೊಂಡರು. ಈ ಸಲ ಹಳೆಯ ಕಪ್ ಬೇಡ ಎಂದರು. ಹೆಬ್ಬೆರಳು ಮೊದಲ ಅಕ್ಷರದಿಂದ ಕೊನೆಯ ತನಕ ನಿಲ್ಲದೆ ಹೋಯಿತು. ಇನ್ನೊಮ್ಮೆ ಹೋಯಿತು. ಕಣ್ಣಿನ ಮೂಲೆಯಿಂದ ನೀರು ಇಳಿದು ಕಿವಿಯ ಕಡೆ ಹರಿಯಿತು.

"ಮೀರಿಸಿಬಿಟ್ಟ," ಎಂದರು. ಒಂದೂ ಅಕ್ಷರ ತಡವರಿಸದೆ.

ಯಾವ ಮಾತನ್ನು ಕಪ್ಪಿನ ಮೇಲೆ ಅಷ್ಟು ಸಲ ಕೆತ್ತಿದೆನೋ ಅದೇ ಮಾತಲ್ಲಿ ಇವರನ್ನು ಗೀರಿಬಿಟ್ಟೆ ಎನ್ನಿಸಿತು. ಇದ್ದ ಒಂದು ಹೆಮ್ಮೆಯನ್ನೂ ನಾನೇ ತೆಗೆದೆ, ಅದೂ ಇಲ್ಲದ ಮನುಷ್ಯನ ಹೆಸರಲ್ಲಿ.

"ನನ್ನ ಉಳಿ... ಅವನಿಗೆ ಕೊಡು," ಎಂದರು. "ಅಕ್ಕನ ಹತ್ರ ಇದೆ."

ಗುರುಗಳು ಕೊಟ್ಟ ಉಳಿ! ಅತ್ತಿಗೆಯನ್ನು ಕೇಳಿದರೆ, "ತುಕ್ಕು ಹಿಡೀತಿತ್ತು, ಎಣ್ಣೆ ಹಾಕಿಸೋಕೆ ಕೊಟ್ಟಿದೀನಿ, ಬರುತ್ತೆ ಬಿಡು," ಎಂದು ಒಗೆಯುವ ಬಟ್ಟೆ ಎತ್ತಿಕೊಂಡು ಹೋದರು. ನನ್ನ ಮುಖ ನೋಡಲಿಲ್ಲ.

ನಾಳೆ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಹೇಳಿಬಿಡುತ್ತೇನೆ. ಅವನು ಯಾರೂ ಇಲ್ಲ, ನಾನೇ ಎಂದು. ಬೈದರೆ ಬೈಯಲಿ. ಉಳಿ ಮುಟ್ಟಬೇಡ ಎಂದರೆ ಮುಟ್ಟುವುದಿಲ್ಲ.

ಜುಲೈ ೨೨, ಸೋಮವಾರ

ಹೇಳಲಿಲ್ಲ.

ಪ್ರಾರ್ಥನೆ ಮುಗಿಸಿ ಪರದೆ ಸರಿಸಿದೆ. ಮಲಗಿದ್ದ ಹಾಗೇ ಇದ್ದರು. ಎಡಗೈ ಎದೆಯ ಮೇಲಿತ್ತು, ತಣ್ಣಗೆ.

ಜುಲೈ ೨೯, ಸೋಮವಾರ

ಗಂಜಿ ಎಂದು ಬರೆಯಲು ಹೋಗಿ ನಿಲ್ಲಿಸಿದೆ.

ಕಪ್‌ಗಳನ್ನು ಅತ್ತಿಗೆಯೇ ಶಾಲೆಗೆ ಮುಟ್ಟಿಸಿ ಬಂದರು. ಹೆಡ್‌ಮಾಸ್ಟರು ಒಂದನ್ನು ಎತ್ತಿ ನೋಡಿ, ಮುಂದಿನ ವರ್ಷವೂ ಇಲ್ಲೇ ಎಂದರಂತೆ. ಆಗಲಿ.

ಆಗಸ್ಟ್ ೫, ಸೋಮವಾರ

ಅತ್ತಿಗೆ ನಾಳೆ ತಮ್ಮ ಮನೆಗೆ ಹೋಗುತ್ತಾರೆ. ಗಂಟು ಕಟ್ಟುತ್ತಿದ್ದವರು ಒಂದು ಬಟ್ಟೆಯ ಸುರುಳಿ ತಂದು ನನ್ನ ಮಡಿಲಿಗೆ ಹಾಕಿದರು. "ತಗೋ. ಆ ಮನುಷ್ಯಂದು."

ಬಿಚ್ಚಿದೆ. ಇವರ ಉಳಿ. ಮರದ ಹಿಡಿ ಕತ್ತರಿಸಿ ಹೊಸದಾಗಿ ದುಂಡು ಮಾಡಿತ್ತು. ಕಬ್ಬಿಣವೂ ಮೊದಲಿನಷ್ಟು ಉದ್ದವಿಲ್ಲ. ಇವರ ಕೈ ದೊಡ್ಡದು. ಕೆತ್ತುವವರ ಉಳಿ ಅವರವರ ಅಂಗೈಗೆ ತಕ್ಕ ಹಾಗೆ ಇರಬೇಕು, ಬೇರೆಯವರ ಅಳತೆಯದು ಕೂರುವುದಿಲ್ಲ. ನಾನು ಹಿಡಿದೆ. ಹಿಡಿ ನಡು ಅಂಗೈಯ ಆ ಗಂಟಿಗೆ ಬಂದು ಕೂತಿತು. ತುದಿ ತೋರುಬೆರಳು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಒಂದಿಷ್ಟೇ ಮುಂದೆ.

ಮತ್ತೆ ಬಟ್ಟೆಯ ಮೇಲಿಟ್ಟು, ಮತ್ತೆ ಎತ್ತಿ ಹಿಡಿದೆ.

"ಬಡಗಿ ಹತ್ರ, ಕಮ್ಮಾರನ ಹತ್ರ ನಾನೇ ತಗೊಂಡು ಹೋಗಿದ್ದು. ನನ್ನ ತಮ್ಮ ಅಳತೆಯನ್ನ ಬೆರಳಲ್ಲಿ ತೋರಿಸ್ದ. ತಪ್ಪಾದ್ರೆ ಸಾಯಿಸಿಬಿಡ್ತೀನಿ ಅಂದ, ಮಲಗಿದ್ದಲ್ಲೇ," ಎಂದರು ಅತ್ತಿಗೆ.

"ಅವರಿಗೆ ಯಾವಾಗ ಗೊತ್ತಾಯ್ತು ಅತ್ತಿಗೆ?"

"ಮೊದಲನೇ ದಿನಾನೇ. ಹೊರಗಿನೋನಾಗಿದ್ರೆ ಉಳಿ ಜಾರಿದಾಗ ಕೆಟ್ಟ ಮಾತು ಬೈತಾನೆ ಅಕ್ಕ, ಇವಳು ದೇವರೇ ಅಂತಾಳೆ, ಅಂದ."

ಪರದೆ ಎಳೆದುಕೊಂಡಿದ್ದೆ. ಸಾಣೆಕಲ್ಲಿನ ಕೆಳಗೆ ಬಟ್ಟೆ ಹಾಕಿಕೊಂಡಿದ್ದೆ. ನನ್ನ ಬಾಯಿಯ ನೆನಪೇ ಆಗಿರಲಿಲ್ಲ.

"ಗೊತ್ತಿದ್ದೂ ಯಾಕೆ ಒಂದು ಮಾತು ಹೇಳ್ಲಿಲ್ಲ?"

"ಹೇಳಿದ್ರೆ ಅವಳು ಉಳಿ ಕೆಳಗಿಟ್ಟುಬಿಡ್ತಾಳೆ ಅಂದ. ಇಟ್ಟುಬಿಡ್ತಿದ್ದೆ ತಾನೆ?" ಅತ್ತಿಗೆ ಗಂಟಿನ ಮೇಲೆ ಕೂತುಬಿಟ್ಟರು. "ನೀನು ಅವನಿಗೆ ಹೇಳ್ಬೇಡಿ ಅಂತೀಯ, ಅವನು ನಿನಗೆ ಹೇಳ್ಬೇಡ ಅಂತಾನೆ. ನಿಮ್ಮಿಬ್ಬರ ಸುಳ್ಳು ಹೊತ್ತು ಹೊತ್ತು ನನ್ನ ಬೆನ್ನು ಬಾಗಿಹೋಯ್ತು ಕಣೇ. ಮೀಸೆ ಬೇರೆ ಇಡಬೇಕಿತ್ತು ಅವನಿಗೆ!"

ನಗಲು ಹೋದವರು ಅತ್ತರು. ಈ ಸಲ ನಲ್ಲಿ ಬಿಟ್ಟುಕೊಳ್ಳಲಿಲ್ಲ.

ಆಗಸ್ಟ್ ೨೦, ಮಂಗಳವಾರ

ಮನೆ ದೊಡ್ಡದಾಗಿದೆ.

ಟೀಚರಮ್ಮ ಒಂದು ಹಿತ್ತಾಳೆ ಫಲಕ ತಂದುಕೊಟ್ಟರು. ಶಾಲೆಯ ಬಹುಮಾನದ ಕಪಾಟಿಗೆ ಹಾಕುವುದಕ್ಕೆ. ಅದರಲ್ಲಿ ಇವರ ಹೆಸರು ಇರಲಿ ಎಂದು ಎಲ್ಲರೂ ಹೇಳಿದರಂತೆ. ಹೆಸರಿನ ಕೆಳಗೆ ಏನು ಬರೆಯಬೇಕು ಎಂದು ಕೇಳಿದರು. ಆ ಪದವೇ ಇರಲಿ ಎಂದೆ.

"ಯಾವುದರಲ್ಲಿ ಅಂತ ಹಾಕೋಣ ಅಮ್ಮ?"

"ಅದೊಂದೇ ಸಾಕು. ಗುಡ್ಡವನ್ನ ಯಾರು ಕೇಳ್ತಾರೆ ಯಾವುದರಲ್ಲಿ ಅಂತ."

ಇವತ್ತು ಕೆತ್ತಲು ಕೂತೆ. ಇವರ ಉಳಿ. ಬೆಳಿಗ್ಗೆ ಪ್ರಾರ್ಥನೆಗೆ ಕೂತಿದ್ದೆ, ಏನು ಕೇಳಿದೆ ಎಂದು ನೆನಪಿಲ್ಲ. ಏನೂ ಕೇಳಲಿಲ್ಲ ಅನ್ನಿಸುತ್ತದೆ. ಹೆಸರು ಮುಗಿಸಿ ಪದಕ್ಕೆ ಇಳಿದೆ. ಮೊಣಕೈ ಪಕ್ಕೆಗೆ ಅಂಟಿಸಿಕೊಂಡು ಮೊದಲ ಎರಡು ಅಕ್ಷರ ನೇರವಾಗಿ ಎಳೆದೆ. ಸಿ ಬಂತು. ಉಳಿ ನಿಲ್ಲಿಸಿದೆ. ಎಡಗೈ ತಿರುಗಿಸತೊಡಗಿತು. ಅರ್ಧ ಸುತ್ತು ಬರುವಷ್ಟರಲ್ಲಿ ಕಣ್ಣು ಮಂಜಾಗಿ ಉಳಿ ಒಂದಿಷ್ಟು ಜಾರಿತು.

"ದೇವರೇ," ಎಂದೆ.

ಎಂದವಳು ಉಳಿ ಕೈಯಲ್ಲಿ ಹಿಡಿದುಕೊಂಡೇ ಪರದೆಯ ಕಡೆ ತಿರುಗಿ ಕಿವಿಗೊಟ್ಟು ಕೂತೆ.